ಹಾಲಿನ ಗಾಡಿಯ ಸದ್ದು

“ಗುರುಗಳೇ, ತೀರಿಕೊಂಡವರು ಬಿಟ್ಟುಹೋದದ್ದನ್ನು ಬದಲಿಸುವುದೆಂದರೆ ಅವರನ್ನು ಮರೆತಂತೆಯೇ ಅಲ್ಲವೇ?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವನು ಆಗಷ್ಟೇ ಊರಿನಿಂದ ಮರಳಿದ್ದ. ತಾಯಿಯ ವರ್ಷದ ತಿಥಿಗೆಂದು ಹೋಗಿದ್ದವನು. ಮನೆಯಲ್ಲಿ ಅಕ್ಕ ತಾಯಿಯ ಮಣ್ಣಿನ ಒಲೆಯನ್ನು ಒಡೆಸಿ ಅಲ್ಲಿ ಕಟ್ಟೆ ಕಟ್ಟಿಸಿ ಗ್ಯಾಸ್ ಒಲೆ ಇಟ್ಟಿದ್ದಳು. ಅದನ್ನು ಕಂಡು ಅವನು ಅಕ್ಕನೊಡನೆ ಮಾತು ಬಿಟ್ಟು ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡರು. ಅವನ ಮುಂದೆಯೂ ಒಂದಿಷ್ಟು ಹುಣಸೆಹಣ್ಣು ಸರಿಸಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಬೋರಯ್ಯ ಎಂಬ ಮುದುಕನಿದ್ದ. ಹೆಂಡತಿ ಎಂದೋ ತೀರಿಹೋಗಿದ್ದಳು. ಒಬ್ಬನೇ ಮಗ, ಓಬಳೇಶ. ಸೊಸೆಯ ಹೆಸರು ಹನುಮಕ್ಕ. ಓಬಳೇಶನಿಗೆ ಒಂದು ಪಿಕಪ್ ಗಾಡಿ ಇತ್ತು. ಬೇರೆಯವರು ಓಡಿಸಿ ದಣಿಸಿದ್ದನ್ನೇ ಅವನು ಕೊಂಡಿದ್ದ. ಆಮೇಲೆ ತಾನೂ ಅಷ್ಟೇ ಓಡಿಸಿದ. ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಕರೆದ ಹಾಲನ್ನು ಕ್ಯಾನುಗಳಲ್ಲಿ ತುಂಬಿಕೊಂಡು, ಬಿಸಿಲೇರುವ ಮೊದಲು ಗುಡ್ಡದಾಚೆಯ ಡೈರಿಗೆ ಮುಟ್ಟಿಸುವುದು, ಸಂಜೆ ಮತ್ತೊಮ್ಮೆ ಹೋಗಿಬರುವುದು ಅವನ ಕೆಲಸ.

ಆ ಗಾಡಿಯ ಎಂಜಿನ್ನಿಗೆ ಒಂದು ಸದ್ದಿತ್ತು. ಒಳಗೆ ಯಾರೋ ಕುಳಿತು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿರುವಂಥ ಸದ್ದು. ಗಾಡಿ ಇನ್ನೂ ಕೆರೆ ಏರಿಯ ಮೇಲಿರುವಾಗಲೇ ಅದು ಮನೆಗೆ ಕೇಳುತ್ತಿತ್ತು. ಕೇಳಿದೊಡನೆ ಬೋರಯ್ಯ ಎದ್ದು ಹಂಡೆಯ ನೀರನ್ನು ಬಕೆಟ್ಟಿಗೆ ತೋಡಿಡುತ್ತಿದ್ದ. ಮಗ ಬಂದು ಕೈಕಾಲು ತೊಳೆದು ಒಳಗೆ ಬರುತ್ತಿದ್ದ. ತಂದೆ ಮಗ ಹೆಚ್ಚು ಮಾತಾಡುವವರಲ್ಲ. ಅವರ ನಡುವೆ ಇದ್ದ ಅಕ್ಕರೆಯೆಲ್ಲ ಆ ಬಿಸಿನೀರಿನಲ್ಲೇ ಇತ್ತು ಎನ್ನಬೇಕು.

ಒಂದು ಬೇಸಿಗೆಯಲ್ಲಿ ಓಬಳೇಶನಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಅವನು ಮನೆಗೆ ಮರಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಮುದುಕ ಸೊಸೆಯನ್ನು ಕರೆದು ಹೇಳಿದ. “ನಿನಗಿನ್ನೂ ವಯಸ್ಸಿದೆ ತಾಯಿ. ತವರಿಗೆ ಹೋಗುವುದಾದರೆ ಹೋಗು. ನನಗೇನೂ ಬೇಸರವಿಲ್ಲ.”

“ಹಾಲು ಯಾರು ಒಯ್ಯುತ್ತಾರೆ ಮಾವ?” ಎಂದಳು ಹನುಮಕ್ಕ.

ಅವಳಿಗೆ ಗಾಡಿ ಓಡಿಸಲು ಬರುತ್ತದೆಂಬುದು ಮುದುಕನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗಂಡನೇ ಕಲಿಸಿದ್ದ. ಅವಳು ಮರುದಿನವೇ ಗಾಡಿ ಹೊರಗೆ ತೆಗೆದಳು.

ಆ ಸಂಜೆ ಕೆರೆ ಏರಿಯಿಂದ ಅದೇ ಸದ್ದು ಕೇಳಿತು. ಬೋರಯ್ಯ ಎದ್ದ. ನೀರು ತೋಡಿದ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದ. ಗಾಡಿಯ ಬಾಗಿಲು ತೆರೆಯಿತು. ಇಳಿದವಳು ಸೊಸೆ. ಆಮೇಲೆ ಹನುಮಕ್ಕ ಬಂದು ಅವನ ಹೆಗಲ ಮೇಲಿನ ಟವೆಲ್ ತೆಗೆದುಕೊಂಡು, ಆ ನೀರಿನಲ್ಲಿ ಕೈಕಾಲು ತೊಳೆದು ಒಳಗೆ ಹೋದಳು.

ಮರುದಿನವೂ ಮುದುಕ ನೀರು ತೋಡಿಟ್ಟ. ಅದರ ಮರುದಿನವೂ ಇಟ್ಟ. ಸದ್ದು ಕೇಳಿದಾಗಿನಿಂದ ಬಾಗಿಲು ತೆರೆಯುವವರೆಗಿನ ಹೊತ್ತಿನಲ್ಲಿ ಅವನ ಮುಖ ಬೇರೆಯೇ ಆಗುತ್ತಿತ್ತು. ಹನುಮಕ್ಕ ಅದನ್ನು ಕಂಡಿದ್ದಳು. ಹಾಗಾಗಿ ಅವಳು ಕೆರೆ ಏರಿಯ ಮೇಲೆ ಗಾಡಿಯನ್ನು ಬೇಕೆಂದೇ ನಿಧಾನವಾಗಿ ತರುತ್ತಿದ್ದಳು. ಬೆಳಿಗ್ಗೆ ಹೊರಡುವಾಗಲೂ ಎಂಜಿನ್ ಶುರು ಮಾಡಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಂಗಳದಲ್ಲೇ ಬಿಡುತ್ತಿದ್ದಳು. ಮುದುಕ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಆ ಮನೆಯಲ್ಲಿ ಓಬಳೇಶನ ಹೆಸರನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಬರಬರುತ್ತ ಎಂಜಿನ್ ಸೋತಿತು. ನೀಲಿ ಹೊಗೆ ಉಗುಳತೊಡಗಿತು. ಎಷ್ಟು ಆಯಿಲ್ ಹಾಕಿದರೂ ಕುಡಿದುಬಿಡುತ್ತಿತ್ತು. ಗಾಡಿಯನ್ನು ಮೊದಲಿನಿಂದಲೂ ನೋಡಿಕೊಳ್ಳುತ್ತಿದ್ದವನು ಪೇಟೆಯ ಮೆಕ್ಯಾನಿಕ್ ಜಬೀವುಲ್ಲಾ. ಅವನು ಓಬಳೇಶನ ಗೆಳೆಯನೂ ಹೌದು. “ಎಂಜಿನ್ ಇಳಿಸಬೇಕು ಅಕ್ಕಾ. ತಡ ಮಾಡಬೇಡಿ” ಎಂದು ಅವನು ಹೇಳುತ್ತಲೇ ಇದ್ದ. ಹನುಮಕ್ಕ ಏನಾದರೊಂದು ನೆಪ ಹೇಳಿ ಮುಂದೂಡುತ್ತಿದ್ದಳು.

ಒಂದು ದಿನ ಗುಡ್ಡದ ಏರಿನಲ್ಲಿ ಗಾಡಿ ನಿಂತೇಬಿಟ್ಟಿತು. ಎಂಜಿನ್ ತಣ್ಣಗಾಗಿ ಮತ್ತೆ ಹತ್ತಿಕೊಳ್ಳುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಡೈರಿಯಲ್ಲಿ ಹಾಲು ಒಡೆದಿದೆಯೆಂದು ತಿರುಗಿಸಿ ಕಳಿಸಿದರು. ಅಷ್ಟೂ ಹಳ್ಳಿಗಳ ಬೆಳಗಿನ ಹಾಲನ್ನು ಹನುಮಕ್ಕ ತನ್ನ ಕೈಯಾರೆ ಚರಂಡಿಗೆ ಸುರಿದಳು. ಹಾಲು ಹಾಕಿದ ಹೆಂಗಸರು ಅವಳನ್ನು ಬೈಯಲಿಲ್ಲ. ಬೈಯದೆ ಇದ್ದದ್ದೇ ಅವಳಿಗೆ ಹೆಚ್ಚು ನೋವಾಯಿತು. ಹಾಲಿನ ಸಂಘದ ಹಿರಿಯ ಮಾತ್ರ, “ಇನ್ನೊಮ್ಮೆ ಹೀಗಾದರೆ ನಾವು ಬೇರೆ ಗಾಡಿ ನೋಡಬೇಕಾಗುತ್ತದಮ್ಮ” ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಆಗ ಜಬೀವುಲ್ಲಾ ತಾನೇ ಮನೆಗೆ ಬಂದು ಮುದುಕನ ಎದುರು ಕುಳಿತು ವಿವರಿಸಿದ. “ಎಂಜಿನ್ ಪೂರ್ತಿ ಬಿಚ್ಚಬೇಕು ಅಜ್ಜಾ. ಸವೆದ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕೋಣ. ಈಗ ಕ್ಯಾನುಗಳೂ ಹೆಚ್ಚಿವೆ. ಅದಕ್ಕೆ ಒಂದು ಟರ್ಬೊ ಕೂರಿಸುತ್ತೇನೆ. ಎಂಜಿನ್ನಿಗೆ ಜಾಸ್ತಿ ಗಾಳಿ ಊದುವ ಚಕ್ರ ಅದು. ಬ್ರೇಕನ್ನೂ ಗಟ್ಟಿ ಮಾಡಿಕೊಡುತ್ತೇನೆ. ಗುಡ್ಡವನ್ನು ಮೇಕೆಯ ಹಾಗೆ ಹತ್ತುತ್ತದೆ.”

ಮುದುಕ ಕೇಳಿದ. “ಆ ಸದ್ದು ಇರುತ್ತದೆಯೇ?”

“ಸದ್ದು ಹೋಗುತ್ತದೆ ಅಜ್ಜಾ. ಆ ಸದ್ದೇ ಅದರ ಕಾಯಿಲೆ. ಬೇರಿಂಗ್ ಸವೆದು ಒಳಗೆ ಬಡಿದುಕೊಳ್ಳುತ್ತಿದೆ.”

“ಅದು ನನ್ನ ಮಗ ಬರುವ ಸದ್ದು ಕಣಪ್ಪ” ಎಂದ ಮುದುಕ.

ಜಬೀವುಲ್ಲಾ ತಲೆ ತಗ್ಗಿಸಿದ. ಬಾಗಿಲಲ್ಲಿ ನಿಂತಿದ್ದ ಹನುಮಕ್ಕ, “ಈಗ ಬೇಡ ಬಿಡಣ್ಣ. ಕ್ಯಾನು ಕಡಿಮೆ ಮಾಡಿಕೊಂಡು ಓಡಿಸುತ್ತೇನೆ. ನಡೆಯುವಷ್ಟು ದಿನ ನಡೆಯಲಿ” ಎಂದಳು. ಮೆಕ್ಯಾನಿಕ್ ಚಹಾ ಕುಡಿದು ಎದ್ದುಹೋದ.

ಮುದುಕನಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಮರುದಿನ ಬೆಳಿಗ್ಗೆ ಅವಳು ಹೊರಡುವಾಗ, “ನಾನೂ ಬರುತ್ತೇನೆ” ಎಂದು ಹತ್ತಿ ಪಕ್ಕದಲ್ಲಿ ಕುಳಿತ. ಮಗ ಸತ್ತ ಮೇಲೆ ಅವನು ಆ ಗಾಡಿ ಹತ್ತಿದ್ದು ಅದೇ ಮೊದಲು. ಹಳ್ಳಿ ಹಳ್ಳಿಯಲ್ಲೂ ಹೆಂಗಸರು ಅವಳನ್ನು ಹೆಸರು ಹಿಡಿದು ಮಾತಾಡಿಸಿದರು. ಒಬ್ಬಳು ಒಳಗಿನಿಂದ ರೊಟ್ಟಿ ತಂದುಕೊಟ್ಟಳು. ಮುದುಕ ಎಲ್ಲವನ್ನೂ ನೋಡುತ್ತ ಕುಳಿತಿದ್ದ. ಗುಡ್ಡದ ಏರು ಬಂದಾಗ ಸೊಸೆ ಮಾತು ನಿಲ್ಲಿಸಿದಳು. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಳು.

ಏರಿನ ಅರ್ಧದಲ್ಲಿ ಎಂಜಿನ್ ಆರಿತು. ಎಂಜಿನ್ ಆರಿದರೆ ಆ ಗಾಡಿಯ ಬ್ರೇಕೂ ಕಲ್ಲಿನಂತಾಗಿ, ತುಳಿದರೆ ಒತ್ತಿಕೊಳ್ಳುತ್ತಿರಲಿಲ್ಲ. ತುಂಬಿದ ಗಾಡಿ ಹಿಂದಕ್ಕೆ ಸರಿಯತೊಡಗಿತು. ಹನುಮಕ್ಕ ಸೀಟಿನಿಂದ ಎದ್ದು ಎರಡೂ ಕಾಲುಗಳನ್ನು ಬ್ರೇಕಿನ ಮೇಲಿಟ್ಟು ಮೈಯ ಭಾರವನ್ನೆಲ್ಲ ಹಾಕಿದಳು. ಹ್ಯಾಂಡ್ ಬ್ರೇಕನ್ನು ಎಳೆದು ಹಿಡಿದಳು. ಹಿಂದೆ ಕ್ಯಾನುಗಳು ಒಂದರ ಮೇಲೊಂದು ಉರುಳಿದವು. ಗಾಡಿ ರಸ್ತೆಯ ಅಂಚಿನಲ್ಲಿ ನಿಂತಿತು. ಮುದುಕ ಇಳಿದು ಒಂದು ಕಲ್ಲು ಹುಡುಕಿ ಚಕ್ರದ ಹಿಂದೆ ಇಟ್ಟ. ತಿರುಗಿ ನೋಡಿದರೆ ಅವಳು ಇನ್ನೂ ಬ್ರೇಕಿನ ಮೇಲೆಯೇ ನಿಂತಿದ್ದಳು.

“ನಿಮಗೇನೂ ಆಗಲಿಲ್ಲ ತಾನೇ ಮಾವ?” ಎಂದಳು.

“ದಿನವೂ ಹೀಗೇನಾ?”

“ದಿನವೂ ಇಲ್ಲ.”

ಮುದುಕ ಅವಳ ಮುಖ ನೋಡಿದ. ಮಗನನ್ನು ಕಾಯುತ್ತ ಕಣ್ಣು ಮುಚ್ಚಿ ಕೂರುತ್ತಿದ್ದವನು ಸೊಸೆಯ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಅವಳು ಸೊರಗಿದ್ದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಅವನು ಅವಳ ಕೈ ಹಿಡಿದು ಕೆಳಗಿಳಿಸಿ ನೆರಳಿನಲ್ಲಿ ಕೂರಿಸಿ ನೀರು ಕುಡಿಸಿದ. ಆಮೇಲೆ, “ಹಾಲು ಮುಟ್ಟಿಸಿ ನೇರ ಜಬೀ ಹತ್ತಿರ ಹೋಗೋಣ ನಡಿ” ಎಂದ.

ಖರ್ಚಿಗೆ ಮುದುಕ ತಾನು ಸಾಕಿದ್ದ ಟಗರುಗಳನ್ನು ಮಾರಿದ. ಗಾಡಿ ಸರಿಯಾಗುವವರೆಗೆ ಸಂಘದವರು ಬೇರೆ ಏರ್ಪಾಟು ಮಾಡಿಕೊಂಡರು. ಎಂಜಿನ್ ಇಳಿಸಿದ ದಿನದಿಂದ ಬೋರಯ್ಯ ಗ್ಯಾರೇಜಿನಲ್ಲೇ ಇರತೊಡಗಿದ. ಬಿಚ್ಚಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಸವೆದ ಪಿಸ್ಟನ್ನುಗಳನ್ನು ಜಬೀವುಲ್ಲಾ ಅವನ ಕೈಗೆ ಕೊಟ್ಟ. ಮುದುಕ ಅವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಒರೆಸಿದ. “ಹಳೆಯದು ಏನಾದರೂ ಉಳಿಯುತ್ತದೆಯೇನಪ್ಪ?” ಎಂದು ಕೇಳಿದ.

“ಮೈಯೆಲ್ಲ ಅದೇ ಅಜ್ಜಾ. ಸವೆದದ್ದನ್ನು ಮಾತ್ರ ತೆಗೆಯುತ್ತಿದ್ದೇನೆ.”

ಎಂಜಿನ್ ಮತ್ತೆ ಕೂತ ದಿನ ಹನುಮಕ್ಕ ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಹತ್ತಿಕೊಂಡಿತು. ಹೊಗೆ ಇರಲಿಲ್ಲ. ಬಡಿತ ಇರಲಿಲ್ಲ. ಮೆತ್ತನೆಯ ಗುಂಯ್‌ಗುಡುವಿಕೆ, ಅದರ ಮೇಲೆ ಟರ್ಬೊದ ಎಳೆ ಸಿಳ್ಳೆ, ಅಷ್ಟೇ. ಜಬೀವುಲ್ಲಾ ನಗುತ್ತ ಮುದುಕನ ಕಡೆ ತಿರುಗಿದ. ಮುದುಕ ಎದ್ದು ಗ್ಯಾರೇಜಿನ ಹೊರಗೆ ಹೋಗಿದ್ದ. ಹನುಮಕ್ಕ ನೋಡಿದಳು. ಕರೆಯಲಿಲ್ಲ.

ಹೊಸ ಪಿಸ್ಟನ್ ಹೊಂದಿಕೊಳ್ಳುವವರೆಗೆ ಭಾರ ಹೇರದೆ ನಿಧಾನವಾಗಿ ಓಡಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದ. ಮುದುಕನನ್ನು ಮನೆಯಲ್ಲಿ ಇಳಿಸಿ ಹನುಮಕ್ಕ ಖಾಲಿ ಗಾಡಿಯನ್ನು ಸುತ್ತಾಡಿಸಿ ತರಲು ಹೋದಳು. ಸಂಜೆಯಾಯಿತು. ಬೋರಯ್ಯ ಜಗಲಿಯಲ್ಲಿ ಕೆರೆ ಏರಿಯ ಕಡೆ ಕಿವಿಗೊಟ್ಟು ಕುಳಿತಿದ್ದ. ಆ ಬಡಿತ ಕೇಳಲಿಲ್ಲ. ಇದ್ದಕ್ಕಿದ್ದಂತೆ ಸೊಸೆ ಅಂಗಳದಲ್ಲಿ ನಿಂತಿದ್ದಳು.

“ನೀನು ಬಂದದ್ದೇ ತಿಳಿಯಲಿಲ್ಲ ತಾಯಿ” ಎಂದವನಿಗೆ ಅಳು ಒತ್ತರಿಸಿ ಬಂತು. ಮಗ ಸತ್ತಾಗ ಅಳದಿದ್ದ ಮುದುಕ ಅಂಗಳದಲ್ಲಿ ಕುಳಿತು ಮಕ್ಕಳ ಹಾಗೆ ಅತ್ತ. “ಓಬಳೇಶ ಬರುವುದಿಲ್ಲ. ಇನ್ನು ಓಬಳೇಶ ಬರುವುದಿಲ್ಲ” ಎಂದ.

ಹನುಮಕ್ಕ ಪಕ್ಕದಲ್ಲಿ ಕುಳಿತಳು. ಅವನ ಬೆನ್ನು ಸವರಿದಳು. ತಾನೂ ಅತ್ತಳು. ಅಳು ನಿಂತ ಮೇಲೆ, “ಅವರು ನನಗೆ ಗಾಡಿ ಕಲಿಸಿದ್ದು ಹೇಗೆ ಅಂತ ನಿಮಗೆ ಹೇಳಿಲ್ಲ ಅಲ್ಲವಾ ಮಾವ?” ಎಂದಳು.

“ಇಲ್ಲ, ಹೇಳು.”

“ಮೊದಲ ದಿನವೇ ರಸ್ತೆ ಬಿಟ್ಟು ಗೌಡರ ಜೋಳದ ಹೊಲಕ್ಕೆ ನುಗ್ಗಿಸಿದೆ. ಬೈಯುತ್ತಾರೆ ಅಂದುಕೊಂಡೆ. ಇಳಿದು ಹೊಲದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡರು ಬರುವುದು ಕಂಡಾಗ, ‘ಓಡಿಸಿದ್ದು ನಾನು ಅಂತ ಹೇಳುತ್ತೇನೆ, ನೀನು ಸುಮ್ಮನಿರು’ ಅಂತ ಕೀಲಿ ಕಿತ್ತುಕೊಂಡರು.”

ಮುದುಕನಿಗೆ ಕಣ್ಣೀರಿನ ನಡುವೆ ನಗು ಬಂತು. “ಹಾಳಾದ ಆ ಜೋಳಕ್ಕೆ ಬದಲಾಗಿ ಗೌಡರಿಗೆ ನನ್ನ ಕೈಯಲ್ಲಿ ಮೇವು ಕೊಡಿಸಿದನಲ್ಲೇ! ಓಡಿಸುವಾಗ ಕಣ್ಣಿಗೆ ಧೂಳು ಬಿತ್ತು ಅಂದಿದ್ದ, ಕಳ್ಳ” ಎಂದ. ಆಮೇಲೆ ಅವನೂ ಹೇಳಿದ. ಓಬಳೇಶ ಚಿಕ್ಕವನಿದ್ದಾಗ ಕರುವಿನ ಜೊತೆ ಜಗಳ ಆಡುತ್ತಿದ್ದದ್ದು. ತಾಯಿ ಸತ್ತ ವರ್ಷ ಅಪ್ಪನಿಗೆ ಮುದ್ದೆ ಕಟ್ಟಲು ಹೋಗಿ ಕೈ ಸುಟ್ಟುಕೊಂಡದ್ದು. ಸೊಸೆ ಅದೊಂದನ್ನೂ ಕೇಳಿರಲಿಲ್ಲ. ಅಡುಗೆ ಆಗುವವರೆಗೂ, ಉಣ್ಣುವಾಗಲೂ ಅದೇ ಮಾತು. ಆ ದಿನದಿಂದ ಆ ಮನೆಯಲ್ಲಿ ಓಬಳೇಶನ ಹೆಸರು ಬಾರದ ದಿನವಿರಲಿಲ್ಲ. ಗಾಡಿ ಗುಡ್ಡ ಹತ್ತಿತು. ಹಾಲು ಹೊತ್ತಿಗೆ ಸರಿಯಾಗಿ ಮುಟ್ಟಿತು.

ಗುರುಗಳು ಕತೆ ನಿಲ್ಲಿಸಿ ಕೈಗೆ ಅಂಟಿದ್ದ ಹುಣಸೆಯ ನಾರು ಬಿಡಿಸಿಕೊಂಡರು. ಶಿಷ್ಯ ಕೇಳಿದ.

“ಅಷ್ಟು ದಿನ ಸದ್ದನ್ನು ಹಿಡಿದುಕೊಂಡು ಮಗನನ್ನು ನೆನೆದವನು, ಸದ್ದು ಹೋದ ಮೇಲೆ ನೆನೆಯುವುದು ಹೇಗೆ ಹೆಚ್ಚಾಯಿತು ಗುರುಗಳೇ?”

ಗುರುಗಳು ಹೇಳಿದರು. “ಅಷ್ಟು ದಿನ ಅವನು ಮಗನನ್ನು ನೆನೆಯುತ್ತಿರಲಿಲ್ಲ ಮಗು, ಕಾಯುತ್ತಿದ್ದ.”