ತಂಗೆವ್ವನ ಕಟ್ಟೆಯ ಮೇಲಿನ ತಾಟುಗಳು

ನಂಬೋರು ಮುಂದೆ ಬನ್ನಿ, ನಂಬದೋರು ಇನ್ನೂ ಮುಂದೆ ಬನ್ನಿ. ನಮ್ಮ ಓಣಿಯಲ್ಲಿ ನೀಲವ್ವ ಅಂತ ಒಬ್ಬಳು. ಅವಳಿಗೆ ಮುದಕಪ್ಪ ಅಂತ ಒಬ್ಬ ಮಗ. ಹೆಸರು ಮುದಕಪ್ಪ, ವಯಸ್ಸು ಇಪ್ಪತ್ತೈದು, ಬುದ್ಧಿ ಇನ್ನೂ ಹುಟ್ಟಬೇಕು. ಅಡುಗೆಮನೆಗೆ ಬೆಕ್ಕು ಬರದಂತೆ ಬಾಗಿಲು ಹಾಕು ಅಂದರೆ, ಬೆಕ್ಕನ್ನ ಒಳಗೇ ಬಿಟ್ಟು ಬಾಗಿಲು ಹಾಕಿದ ಜಾಣ. ಹಾಲು ಎಷ್ಟಿತ್ತು ಅಂತ ಕೇಳಬೇಡಿ, ಒಂದೊಂದು ಸಲ ಒಂದೊಂದು ಲೆಕ್ಕ ಹೇಳತೀನಿ.

ಆದರೆ ನೀಲವ್ವನ ಹೊಟ್ಟೆ ಉರಿಯುತ್ತಿದ್ದದ್ದು ಮಗನನ್ನ ನೋಡಿ ಅಲ್ಲ, ಎದುರುಮನೆ ತಂಗೆವ್ವನನ್ನ ನೋಡಿ. ಓಣಿಯಲ್ಲಿ ಯಾರ ಹಬ್ಬ ಇರಲಿ, ತಂಗೆವ್ವನ ಮನೆಗೆ ತಾಟು ಬರುತ್ತಿತ್ತು. ರಮಜಾನಕ್ಕೆ ದಾವಲಸಾಬನ ಮನೆಯಿಂದ, ಕ್ರಿಸಮಸ್ಸಿಗೆ ದೇವಪುತ್ರಪ್ಪ ಮಾಸ್ತರ ಮನೆಯಿಂದ, ದೀಪಾವಳಿಗೆ ಜೈನರ ಜಿನ್ನಪ್ಪನ ಮನೆಯಿಂದ. ತಿಂದು ತೊಳೆದು ತಿರುಗಿ ಕೊಟ್ಟಿದ್ದರೆ ಯಾರೇನು ಅಂತಿದ್ದರು? ತಂಗೆವ್ವ ಆ ತಾಟುಗಳನ್ನ ಎರಡು ದಿನ ಕಟ್ಟೆಯ ಮೇಲೆ ಬಿಸಿಲಿಗೆ ಒಣಗಹಾಕುತ್ತಿದ್ದಳು! ಸ್ಟೀಲಿನ ತಾಟು ಒಣಗಲಿಕ್ಕೆ ಎರಡು ದಿನ! ಆ ಹೊಳಪು ನೇರ ನೀಲವ್ವನ ಅಡುಗೆಮನೆ ಗೋಡೆಗೆ ಹೊಡೆಯುತ್ತಿತ್ತು.

“ನಿಮಗ ಬಂದಿಲ್ಲೇನ ನೀಲವ್ವಾ? ಅಯ್ಯ, ಮರ್ತಿರಬೇಕು ಬಿಡು!” ಅಂತ ಮೇಲೊಂದು ಮಾತು.

ರಮಜಾನ ಬಂತು. ನೀಲವ್ವ ಮಗನಿಗೆ ಹೇಳಿದಳು: “ದಾವಲಸಾಬನ ಮನಿಗೆ ಹೋಗು. ಬಾಗಲಾಗ ಮೊದಲ ಯಾರ ಕಾಣಲಿ, ಮೂರು ಸಲ ಅಪ್ಪಿಕೊಂಡು ‘ಈದ್ ಮುಬಾರಕ್’ ಅನ್ನು.”

ಹೋದ. ಬಾಗಿಲಲ್ಲಿ ಮೊದಲು ಕಂಡದ್ದು ಆಡು. ಬಲಕ್ಕೊಮ್ಮೆ ಅಪ್ಪಿದ, ಎಡಕ್ಕೊಮ್ಮೆ ಅಪ್ಪಿದ, ಮತ್ತೆ ಬಲಕ್ಕೊಮ್ಮೆ ಅಪ್ಪಿದ. “ಈದ್ ಮುಬಾರಕ್ರೀ!” ಆಡು ನಕ್ಕಿತು ಅಂತಾರೆ. ಅದು ಸುಳ್ಳು, ಬರೇ ತಲೆ ಅಲ್ಲಾಡಿಸಿತು. ನಕ್ಕದ್ದು ದಾವಲಸಾಬ. “ಬಾರೋ ತಮ್ಮಾ ಒಳಗ!” ಅಂತ ಕರೆದು ಸುರಕುಂಬಾ ಕೊಟ್ಟ. ಹಾಲು, ಶಾವಿಗೆ, ಉತ್ತತ್ತಿ! ಮುದಕಪ್ಪ ಅಲ್ಲೇ ಕುಂತು ಬಟ್ಟಲು ನೆಕ್ಕಿ ಬಂದ.

“ತಾಟು ಎಲ್ಲೋ?”

“ತಿಂದ್ನಿ ಯವ್ವಾ!”

“ಹುಚ್ಚಪ್ಯಾಲಿ! ಹಬ್ಬ ಅಂದರ ಆಡನ್ನ ಅಪ್ಪಿಕೊಳ್ಳೂದಲ್ಲ. ಮನಿಮಂದಿ ಮುಂದ ನಿಂತು ಬಾಯಿ ತುಂಬ ನಗಬೇಕು, ‘ಹಬ್ಬ ಜೋರಾಗಲಿ’ ಅನ್ನಬೇಕು, ಕೊಟ್ಟದ್ದನ್ನ ಮನಿಗೆ ತರಬೇಕು!”

“ಆತು ಯವ್ವಾ!”

ಮುಂದೆ ಕ್ಯಾಲೆಂಡರಿನಲ್ಲಿ ಒಂದು ಶುಕ್ರವಾರ ಕೆಂಪಾಗಿ ಕಂಡಿತು. ಕೆಂಪಾದರೆ ಹಬ್ಬ, ಹಬ್ಬವಾದರೆ ತಾಟು! “ಮಾಸ್ತರ ಮನಿಗೆ ಓಡೋ, ತಂಗೆವ್ವನಕಿಂತ ಮೊದಲ ಓಡು!”

ಅವತ್ತು ಗುಡ್ ಫ್ರೈಡೆ. ಯೇಸು ಶಿಲುಬೆಗೆ ಏರಿದ ದಿನ. ಮಾಸ್ತರ ಮನೆಯವರೆಲ್ಲ ಉಪವಾಸ, ಬಿಳಿ ಬಟ್ಟೆ, ತಗ್ಗಿಸಿದ ತಲೆ. ಮುದಕಪ್ಪ ನಡುಮನೆಯಲ್ಲಿ ನಿಂತು ಹಲ್ಲೆಲ್ಲ ತೋರಿಸಿ ನಕ್ಕ. “ಹಬ್ಬ ಜೋರಾಗಲಿ! ಏನ್ ಮಾಡೀರಿ ಅಡಗಿ?”

ಮಾಸ್ತರು ಬೈಯಲಿಲ್ಲ. “ಇವತ್ತು ನಮಗ ದುಃಖದ ದಿನಪಾ ತಮ್ಮಾ” ಅಂದರು, ಅಷ್ಟೇ. ಮಗ ಬಂದು ಹೇಳಿದಾಗ, ಬೈದಿದ್ದರೆ ಚೆನ್ನಾಗಿತ್ತು ಅಂತ ನೀಲವ್ವನಿಗೆ ಅನಿಸಿತು. ತಾನೂ ಕ್ಯಾಲೆಂಡರಿನ ಬಣ್ಣ ನೋಡಿದಳೇ ಹೊರತು ಮಂದಿಯ ಮುಖ ನೋಡಲಿಲ್ಲ. ಆ ಸಿಟ್ಟನ್ನೂ ಮಗನ ಮೇಲೇ ಹಾಕಿದಳು.

“ಮೂಳಾ! ದುಃಖದ ಮನ್ಯಾಗ ನಗತಾರೇನೋ? ಅಲ್ಲಿ ನೆಲದ ಮ್ಯಾಲ ಕುಂತು ಕಣ್ಣೀರು ಹಾಕಬೇಕು!”

“ಆತು ಯವ್ವಾ!”

ಭಾನುವಾರ ಬೆಳಗಾಗುವುದರಲ್ಲಿ ಮುದಕಪ್ಪ ಮಾಸ್ತರ ಹೊಸ್ತಿಲ ಮುಂದೆ ನೆಲದ ಮೇಲೆ ಕುಂತಿದ್ದ. “ಹೋದನಲ್ಲೋ ಎಪ್ಪಾ! ಎಂಥಾ ಮನುಷ್ಯಾ ಹೋದನಲ್ಲೋ!” ಓಣಿಯ ನಾಯಿಗಳೂ ದನಿಗೂಡಿಸಿದವು. ಮಾಸ್ತರು ಹೊಸ ಅಂಗಿ ತೊಟ್ಟು ಈಸ್ಟರಿಗೆ ಚರ್ಚಿಗೆ ಹೊರಟವರು ಗಾಬರಿಯಾಗಿ ಬಂದರು.

“ಅಳಬ್ಯಾಡೋ ತಮ್ಮಾ! ಆತ ಎದ್ದು ಬಂದಾನ!”

“ಎದ್ದು ಬಂದಾನ? ಯಾವಾಗ?”

“ಇವತ್ತ ಮುಂಜಾನೆ!”

“ಮತ್ತ ನನಗ್ಯಾಕ ಯಾರೂ ಹೇಳಲಿಲ್ರೀ!”

ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಆ ಮಧ್ಯಾಹ್ನ ಕೇಕಿನ ತಾಟು ಹೋದದ್ದು ತಂಗೆವ್ವನ ಮನೆಗೆ! ಕಟ್ಟೆಯ ಮೇಲೆ ಹೊಳಪು! ಗೋಡೆಯ ಮೇಲೆ ಹೊಳಪು!

ನೀಲವ್ವ ಕಿಟಕಿಗೆ ಹಳೆ ಸೀರೆ ಕಟ್ಟಿದಳು. “ಖೋಡಿ, ಇನ್ನ ಮುಂದ ನಾ ಏನೂ ಹೇಳೂದಿಲ್ಲ! ಹೋದ ಮನಿಯವರನ್ನ ಕೇಳು, ಇವತ್ತು ನಿಮ್ಮಲ್ಲಿ ಏನ್ ಮಾಡತಾರ ಅಂತ. ಅವರು ಏನ್ ಹೇಳತಾರ, ಅದನ್ನ ಹಂಗ ಮಾಡು!”

“ಆತು ಯವ್ವಾ!”

ಮಳೆಗಾಲ ಕಳೆಯಿತು. ಜಿನ್ನಪ್ಪನ ಮನೆಯಲ್ಲಿ ಹತ್ತು ದಿನದ ವ್ರತ ಮುಗಿದು ಕ್ಷಮೆ ಕೇಳುವ ದಿನ ಬಂತು. ಮುದಕಪ್ಪ ಹೋಗಿ ಕೇಳಿದ: “ಕಾಕಾ, ಇವತ್ತು ನಿಮ್ಮಲ್ಲಿ ಏನ್ ಮಾಡತಾರ?”

“ಮನಸಿನಾಗ ಯಾರ ಬಗ್ಗೆ ಕೆಟ್ಟದ್ದ ಇಟ್ಟುಕೊಂಡೀವಿ, ಅವರ ಮುಂದ ಅದನ್ನ ಒಪ್ಪಿಕೊಂಡು ಕ್ಷಮಾ ಕೇಳತೀವಿ.”

ಮುದಕಪ್ಪ ತನ್ನ ಮನಸ್ಸಿನೊಳಗೆ ಹುಡುಕಿದ. ಏನೂ ಸಿಗಲಿಲ್ಲ. ಒಳಗೆ ಖಾಲಿ! ಸರಿ, ಅವ್ವನ ಮನಸ್ಸು ತುಂಬಿದೆಯಲ್ಲ ಅಂತ ನೆಟ್ಟಗೆ ತಂಗೆವ್ವನ ಕಟ್ಟೆಗೆ ಹೋದ, ಕೈ ಮುಗಿದ, ಓಣಿಗೆಲ್ಲ ಕೇಳುವಂತೆ ಶುರು ಮಾಡಿದ.

“ಚಿಗವ್ವಾ, ಕ್ಷಮಾ ಮಾಡು! ನಿನ್ನ ಮೂಗುಬೊಟ್ಟು ಹಿತ್ತಾಳಿದು ಅಂತಾಳ ನಮ್ಮವ್ವ! ನಿನ್ನ ತಾಟು ಕಾಗಿ ಹೊತ್ತೊಯ್ಯಲಿ ಅಂತಾಳ! ನೀ ಬಿದ್ದೀ ಅಂತ ಕನಸ ಬಿದ್ದರ ಅವತ್ತು ಸಿಹಿ ಸಜ್ಜಕ ಮಾಡತಾಳ!”

ತಂಗೆವ್ವನ ಮುಖ ನೋಡಬೇಕಿತ್ತು ನೀವು! ಅವಳು ಸಿಟ್ಟಾಗಲಿಲ್ಲ, ಖುಷಿಯಾದಳು. “ಅಷ್ಟ ಹೊಟ್ಟಿ ಉರಿತೈತೇನ ನನ್ನ ನೋಡಿ!” ಅಂತ ಕುಣಿದಾಡಿದಳು. ತನ್ನ ತಾಟಿನಲ್ಲಿ ಕರಿಗಡಬು ತುಂಬಿ, “ಕ್ಷಮಾ ಮಾಡೀನಂತ ಹೇಳು” ಅಂತ ಕೊಟ್ಟು ಕಳಿಸಿದಳು.

ನೀಲವ್ವನ ಮನೆಗೆ ಕೊನೆಗೂ ಒಂದು ತಾಟು ಬಂತು. ತಂಗೆವ್ವನದು! ನೀಲವ್ವ ಅದಕ್ಕೆ ಬೆನ್ನು ತಿರುಗಿಸಿ ಕುಂತಳು. ಕರಿಗಡಬನ್ನು ಮುದಕಪ್ಪ ಮುಗಿಸಿದ.

“ಯವ್ವಾ, ತಾಟು ಖಾಲಿ ತಿರುಗಿ ಕೊಡಬಾರದಲ್ಲ, ಏನಿಡಲಿ?”

“ಏನಿಡತೀ! ನನ್ನ ಮಾರಿ ಇಡು ಹೋಗು!”

“ಆತು ಯವ್ವಾ!”

ಗೋಡೆಯ ಮೇಲೆ ಅವ್ವನ ಮುಖ ಎದ್ದು ಕಾಣುವ ಫೋಟೋ ಇತ್ತು. ಇಳಿಸಿ ತಾಟಿನಲ್ಲಿಟ್ಟ. ಬರೇ ಕೊಟ್ಟರೆ ಚೆಂದವಲ್ಲ ಅಂತ ಕುಂಕುಮ ಹಚ್ಚಿದ, ಚೆಂಡುಹೂವಿನ ಮಾಲೆ ಹಾಕಿದ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನಡೆದ.

ತಂಗೆವ್ವ ನೋಡಿದಳು. ಫೋಟೋ! ಮಾಲೆ! “ಯವ್ವಾ, ನೀಲವ್ವ ಹೋದಳ್ರೋ! ನಾಚಿಕೊಂಡ ಸತ್ತಳ್ರೋ!”

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ದಾವಲಸಾಬನ ಮನೆಯಿಂದ ಅನ್ನ ಸಾರು ಬಂತು. ಮಾಸ್ತರ ಮನೆಯಿಂದ ರೊಟ್ಟಿ ಪಲ್ಯ ಬಂತು. ಜಿನ್ನಪ್ಪನ ಹೆಂಡತಿ ಅವಲಕ್ಕಿ ತಂದು, “ಹೊತ್ತ ಮುಳುಗೂದರಾಗ ಉಣ್ರಿ” ಅಂತ ಕಣ್ಣೊರೆಸಿಕೊಂಡಳು. ಗದ್ದಲ ಕೇಳಿ ನೀಲವ್ವ ಬಾಗಿಲಿಗೆ ಬಂದಳು.

ಎಲ್ಲರೂ ಹೌಹಾರಿದರು. ಮುದಕಪ್ಪ ಒಬ್ಬನೇ ಗಾಬರಿಯಾಗಲಿಲ್ಲ. “ಅಳಬ್ಯಾಡ್ರೀ! ಎದ್ದು ಬಂದಾಳ!”

ಮೊದಲು ನಕ್ಕವರು ದೇವಪುತ್ರಪ್ಪ ಮಾಸ್ತರು. ಆಮೇಲೆ ಓಣಿಯೇ ನಕ್ಕಿತು. ತಂದದ್ದನ್ನ ಯಾರೂ ತಿರುಗಿ ಒಯ್ಯಲಿಲ್ಲ. ಸತ್ತ ಸುದ್ದಿಗೆ ನೀಲವ್ವ ಬೈದಳೇ? ಎಲ್ಲಿಯ ಬೈಗುಳ! ತಾಟುಗಳನ್ನ ತೊಳೆದಳು, ಸೆರಗಿನಿಂದ ಉಜ್ಜಿದಳು, ಕಟ್ಟೆಯ ಮೇಲೆ ಸಾಲಾಗಿ ಒಣಗಹಾಕಿದಳು. ಹೊಳಪು ನೇರ ಎದುರುಮನೆ ಗೋಡೆಗೆ!

ತಂಗೆವ್ವ ಒಂದು ದಿನ ತಡೆದುಕೊಂಡಳು. ಎರಡನೆಯ ದಿನ ಸಂದಿಯಲ್ಲಿ ಮುದಕಪ್ಪನ ತೋಳು ಹಿಡಿದಳು. ಸೆರಗಿನ ಒಳಗಿಂದ ಏನೋ ತೆಗೆದಳು.

“ತಮ್ಮಾ, ನಂದೂ ಒಂದು ಫೋಟೋ ಐತಿ. ಹಿಂಗ ಒಂದು ಸಲ ಓಣ್ಯಾಗ ಅಡ್ಡಾಡಿ ಬಾರೋ. ಮಾಲಿ ಮಾತ್ರ ನಿಮ್ಮವ್ವಗ ಹಾಕಿದ್ದಕಿಂತ ದೊಡ್ಡದಿರಲಿ!”