ಗಾಳಿಯ ಕಡೆ ಕೂತವಳು

ಬನ್ನಿ, ಹತ್ತಿರ ಬಂದು ಕಾಲು ಮಡಚಿ ಕೂತುಕೊಳ್ಳಿ. ಕೈಯಲ್ಲಿರುವುದನ್ನು ಪಕ್ಕಕ್ಕಿಡಿ. ನಡುವೆ ಎದ್ದು ಹೋಗುವಂಥ ಕತೆಯಲ್ಲ ಇದು.

ಒಂದು ಮಠದಲ್ಲಿ ಒಬ್ಬ ಶಿಷ್ಯ ಗುರುವನ್ನು ಕೇಳಿದ:

"ಗುರುಗಳೇ, ನಮ್ಮ ಜಗಲಿಗೆ ಗಾಳಿ ಬಹಳ. ಒಂದು ಮರೆ ಕಟ್ಟಿಸಬೇಕು. ಕಲ್ಲಿನದು ಕೈಗೆ ಎಟುಕುವುದಿಲ್ಲ. ಬಿದಿರು ತಟ್ಟಿ ಎರಡು ವರ್ಷ ಬಾಳಿದರೆ ಹೆಚ್ಚು. ಎಲ್ಲಕ್ಕಿಂತ ಅಗ್ಗದ ಮರೆ ಯಾವುದು?"

ಗುರು, "ಎಲ್ಲಕ್ಕಿಂತ ಅಗ್ಗದ್ದು ಒಬ್ಬನಿಗೆ ಸಿಕ್ಕಿತ್ತು, ಕೇಳು" ಅಂದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿ ಇದ್ದ. ಒಳ್ಳೆಯ ಕೆಲಸಗಾರ, ಕೆಟ್ಟವನೇನಲ್ಲ. ಆ ಊರಲ್ಲಿ ಚಿನ್ನದ ಕೆಲಸ ಜಗಲಿಯ ಮೇಲೇ ನಡೆಯಬೇಕು, ಚಿನ್ನ ಕೊಟ್ಟವರು ಎದುರಿಗೆ ಕೂತು ನೋಡಬೇಕು. ಒಳಗೆ ಒಯ್ದು ಮಾಡಿದರೆ ಜನ ನಂಬುತ್ತಿರಲಿಲ್ಲ. ಹಾಗಾಗಿ ಅವನು ಜಗಲಿಯ ಮೇಲೆ ದೀಪ ಹಚ್ಚಿಟ್ಟು, ಊದುಗೊಳವೆಯಿಂದ ಅದರ ಉರಿಯನ್ನು ಚಿನ್ನದ ಮೇಲೆ ಊದಿ ಬೆಸುಗೆ ಹಾಕುತ್ತಿದ್ದ. ಆಷಾಢ ಬಂತು ಅಂದರೆ ಪಡುವಣ ಗಾಳಿ. ಉರಿ ಅಲುಗಿದರೆ ಬೆಸುಗೆ ಕೆಡುತ್ತದೆ.

ಅವನೂ ನಿನ್ನ ಹಾಗೆಯೇ ಮರೆ ಹುಡುಕಿದ. ಕಲ್ಲು ಚಪ್ಪಡಿ ಕೇಳಿದ, ದುಬಾರಿ ಎಂದು ಬಿಟ್ಟ. ಗೋಣಿ ಪರದೆ ಕಟ್ಟಿದ, ಅದು ಗಾಳಿಗೆ ಹಾರಿ ದೀಪದ ಮೇಲೇ ಬಂತು. ಮೇದಾರನ ಮನೆಗೆ ಹೋಗಿ ತಟ್ಟಿಗೆ ಚೌಕಾಸಿ ಮಾಡಿ, ಮುಖ ಊದಿಸಿಕೊಂಡು ಬರಿಗೈಯಲ್ಲಿ ಬಂದ.

ಅವನ ಹೆಂಡತಿ ಮೋನಮ್ಮ ಇದನ್ನೆಲ್ಲ ನೋಡಿ, "ಅಯ್ಯೋ, ಇಷ್ಟಕ್ಕೆ ಯಾಕೆ ಒದ್ದಾಡುತ್ತೀರಿ? ಹೇಗೂ ಕೌದಿ ಹೊಲಿಯುವುದಿದೆ, ನಾನೇ ಆ ಕಡೆ ಕೂರುತ್ತೇನೆ" ಎಂದಳು. ಗಾಳಿಗೆ ಬೆನ್ನು ಕೊಟ್ಟು, ಕಂಬಕ್ಕೆ ಒರಗಿ, ಕೌದಿ ಹರವಿಕೊಂಡು ಕೂತಳು.

ಉರಿ ನೆಟ್ಟಗೆ ನಿಂತಿತು.

ಅಕ್ಕಸಾಲಿಗೆ ಹಿಗ್ಗೋ ಹಿಗ್ಗು. ಬಂದವರಿಗೆಲ್ಲ, "ನೋಡಿ, ಬಿಡಿಗಾಸಿಲ್ಲದೆ ಬಂದ ಮರೆ. ಊಟವನ್ನೂ ಇದೇ ಬಡಿಸುತ್ತದೆ!" ಎಂದು ನಗುತ್ತಿದ್ದ. ಮೋನಮ್ಮನೂ ನಗುತ್ತಿದ್ದಳು.

ಆಷಾಢ ಅರ್ಧ ಕಳೆಯುವಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿತು. ಆಮೇಲೆ ಜ್ವರ. "ರೀ, ಆ ತಟ್ಟಿ ತಂದುಬಿಡಿ. ಬೆನ್ನೆಲ್ಲ ಕೊರೆಯುತ್ತದೆ. ಇವತ್ತು ಒಳಗೆ ಮಲಗುತ್ತೇನೆ" ಎಂದಳು.

"ಇನ್ನು ಎಷ್ಟು ದಿನದ ಗಾಳಿಯೇ? ಶ್ರಾವಣ ಬಂದರೆ ತಾನಾಗಿ ನಿಲ್ಲುತ್ತದೆ. ಸಾಹುಕಾರರ ಮಗಳ ತಾಳಿ ಇವತ್ತು ಮುಗಿಯಲೇಬೇಕು. ಇದೊಂದು ದಿನ ಕೂತುಬಿಡು" ಎಂದ.

ಮೋನಮ್ಮ ಎದ್ದು ಬಂದು ತನ್ನ ಜಾಗದಲ್ಲಿ ಕೂತಳು.

ತಾಳಿ ಮಾಡಿಸುತ್ತಿದ್ದ ಸಾಹುಕಾರ ಎದುರಿಗೆ ಕೂತು ಚಿನ್ನವನ್ನೇ ನೋಡುತ್ತಿದ್ದ. ಅಕ್ಕಸಾಲಿ ಬಾಯಿಗೆ ಕೊಳವೆ ಇಟ್ಟು ಉರಿಯನ್ನೇ ನೋಡುತ್ತಿದ್ದ. ಉರಿ ಒಂದಿಷ್ಟೂ ಅಲುಗಲಿಲ್ಲ. ಅಂಥ ಕೆಲಸ ಅವನ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ಹೊತ್ತು ಇಳಿಯುವಾಗ ಪಕ್ಕದ ಮನೆಯ ಗಂಗವ್ವ ಹಾಲಿಗೆ ಹೆಪ್ಪು ಕೇಳಲು ಬಂದಳು. "ಏನೇ ಮೋನಮ್ಮ, ಹಾಡಹಗಲೇ ತೂಕಡಿಕೆ! ನೀನು ಹೀಗೆ ನಿದ್ದೆ ಹೊಡೆದರೆ ಕಳ್ಳರಿಗೆ ಹಬ್ಬ ಕಣೇ" ಎಂದು ಭುಜ ಹಿಡಿದಳು.

ಅಕ್ಕಸಾಲಿ ತಲೆ ಎತ್ತದೆ ಹೇಳಿದ: "ಎಬ್ಬಿಸಬೇಡ ತಂಗಿ. ಅವಳು ಎದ್ದರೆ ಗಾಳಿ ನುಗ್ಗುತ್ತದೆ. ಇದೊಂದು ಬೆಸುಗೆ ಮುಗಿಯಲಿ."

"ಅಣ್ಣಾ, ಇವಳ ಮೈ ತಣ್ಣಗಿದೆ."

"ಗಾಳಿಗೆ ಕೂತವಳ ಮೈ ತಣ್ಣಗಿರದೆ ಇನ್ನೇನು?" ಎಂದು ಮತ್ತೆ ಕೊಳವೆಯನ್ನು ಬಾಯಿಗಿಟ್ಟ.

ಆಗ ಸಾಹುಕಾರ ಬಗ್ಗಿ ಮೋನಮ್ಮನ ಮುಖ ನೋಡಿದ. ನೋಡಿದವನೇ ಚಪ್ಪಲಿಯನ್ನೂ ಮೆಟ್ಟದೆ ಜಗಲಿಯಿಂದ ಬೀದಿಗೆ ಹಾರಿದ. ಗಂಗವ್ವನ ಕೈಯಿಂದ ಬಟ್ಟಲು ಬಿತ್ತು. ಅವಳು ಮೋನಮ್ಮನನ್ನು ತಬ್ಬಿ ಎತ್ತಹೋದಳು. ಸೂಜಿ ಹಿಡಿದ ಬೆರಳು ಹಿಡಿದಂತೆಯೇ ಇತ್ತು, ಬಿಡಿಸಲು ಬರಲಿಲ್ಲ. ದೇಹ ಪಕ್ಕಕ್ಕೆ ವಾಲಿತು. ಗಾಳಿ ನುಗ್ಗಿತು. ದೀಪ ಆರಿತು.

"ಅಯ್ಯೋ, ದೀಪ!" ಎಂದು ಕೂಗಿದ ಅಕ್ಕಸಾಲಿ.

ಆಮೇಲೆ ತಲೆ ಎತ್ತಿದ.

ಬೀದಿಯಲ್ಲಿ ಸೇರಿದ ಜನಕ್ಕೆ ಆ ಕೂಗು ಕೇಳಿಸಿತ್ತು. ಅವಳ ಪ್ರಾಣ ಮಧ್ಯಾಹ್ನವೇ ಹೋಗಿತ್ತು ಎಂದು ಮೈ ತೊಳೆಸಿದ ಮುದುಕಿಯರು ಹೇಳಿದರು.

ಸಾಹುಕಾರ ಆ ತಾಳಿಯನ್ನು ಮುಟ್ಟಲಿಲ್ಲ. ಮಗಳಿಗೆ ಅರಿಶಿನ ಕೊಂಬು ಕಟ್ಟಿಸಿ ಮದುವೆ ಮಾಡಿದ. ಮೂರು ತಾಸು ಎದುರಿಗೇ ಕೂತಿದ್ದವನು ನಾನೂ ಅಲ್ಲವೇ ಎಂದು ಹೆಂಡತಿಯ ಮುಂದೆ ಒಮ್ಮೆ ಹೇಳಿದನಂತೆ, ಮತ್ತೆ ಆ ಮಾತೆತ್ತಲಿಲ್ಲ. ಗಂಗವ್ವ ಬದುಕಿರುವವರೆಗೂ ಮಲಗಿದವರನ್ನು ಕಂಡರೆ ಹೋಗಿ ಅಲುಗಿಸಿ ನೋಡುತ್ತಿದ್ದಳು. ಮಕ್ಕಳು ಬೈದರೂ ಬಿಡಲಿಲ್ಲ. ಅಕ್ಕಸಾಲಿ ಸಾಲ ಮಾಡಿ ಜಗಲಿಯ ಸುತ್ತ ಕಲ್ಲಿನ ಗೋಡೆ ಎಬ್ಬಿಸಿದ. ಒಳಗೆ ಏನು ಮಾಡುತ್ತಾನೋ ಕಾಣಿಸದು ಎಂದು ಜನ ಚಿನ್ನ ಕೊಡುವುದನ್ನು ಬಿಟ್ಟರು. ಗೋಡೆಯ ಹಿಂದೆ ಬರಿದೇ ದೀಪ ಹಚ್ಚಿಕೊಂಡು ಕೂತು, ಹಾಗೆಯೇ ಮುದುಕನಾಗಿ ತೀರಿಕೊಂಡ.

ಇಷ್ಟು ಹೇಳಿ ಗುರು ಕತೆ ಮುಗಿಸಿದರು. ಶಿಷ್ಯ ಕೇಳಿದ:

"ಒಂದು ಮಾರು ದೂರದಲ್ಲಿ ಹೆಂಡತಿ ಸತ್ತಿದ್ದಾಳೆ. ಅಷ್ಟು ಹೊತ್ತು ಅವನಿಗೆ ತಿಳಿಯಲೇ ಇಲ್ಲವೇ ಗುರುಗಳೇ?"

ಗುರು ಹೇಳಿದರು: "ಉರಿ ಅಲುಗಲಿಲ್ಲವಲ್ಲಪ್ಪಾ, ಹೇಗೆ ತಿಳಿಯಬೇಕು?"