ಉಪ್ಪಿಗೆ ಬಂದ ಕರೆ

ಕಾಲುವೆ ಪಕ್ಕದ ಕಪ್ಪು ಮಣ್ಣಿನ ಹೊಲದಲ್ಲಿ ಒಂದು ಮುದಿ ಎರೆಹುಳ ಇತ್ತು. ಹುಟ್ಟಿದಾಗಿನಿಂದ ಆ ಮಣ್ಣನ್ನೇ ತಿಂದು, ಅದನ್ನೇ ಸಡಿಲಿಸುತ್ತ ಸವೆದ ಜೀವ. ಈಚೆಗೆ ಅದೇ ಮಣ್ಣು ತಾಗಿದರೆ ಸಾಕು, ಮೈ ಉರಿಯುತ್ತಿತ್ತು. ಬೇರೆ ಹೊಲ ನೋಡಿಕೊಳ್ಳೋಣವೆಂದು ಮೇಲೆ ಬಂದರೆ, ನೆಲದ ತುಂಬ ಬೆಳ್ಳಗೆ ಉಪ್ಪು ಹರಡಿಕೊಂಡು ಕೂತಿತ್ತು.

"ಬೆಳೆಯುವ ನೆಲವನ್ನು ಸವಳು ಮಾಡಿದೆಯಲ್ಲ, ಎಲ್ಲಿಂದ ಬಂದೆ ನೀನು?" ಎಂದಿತು ಎರೆಹುಳ.

"ಎಲ್ಲಿಂದಲೂ ಬರಲಿಲ್ಲ. ನಿನ್ನ ಮುತ್ತಜ್ಜಿ ಹುಟ್ಟುವ ಮೊದಲಿನಿಂದ ಇದೇ ನೆಲದ ಆಳದಲ್ಲಿ ಮಲಗಿದ್ದೆ," ಎಂದು ಉಪ್ಪು ಆಕಳಿಸಿತು. "ಹೊಲದಂಚಿಗೆ ಬಸಿಗಾಲುವೆ ಇರುವತನಕ ಹೆಚ್ಚಾದ ನೀರು ಹಳ್ಳಕ್ಕೆ ಹೋಗುತ್ತಿತ್ತು. ಇನ್ನೆರಡು ಸಾಲು ಭತ್ತ ಬರುತ್ತದೆಂದು ಹೊಲದ ಒಡೆಯ ದ್ಯಾವಪ್ಪ ಅದನ್ನು ಮುಚ್ಚಿದ. ದಾರಿ ಕಾಣದ ನೀರು ಕೆಳಗಿಳಿದು ನನ್ನನ್ನು ಎಬ್ಬಿಸಿ ಮೇಲೆ ತಂದಿತು. ಬಿಸಿಲಿಗೆ ಅದು ಆರಿಹೋಯಿತು, ನಾನು ಉಳಿದೆ. ನನಗೂ ಸಾಕಾಗಿದೆ."

"ಹಾಗಾದರೆ ಹೋಗಿ ಮತ್ತೆ ಮಲಗು."

"ಮಲಗಲು ಬಿಟ್ಟರೆ ತಾನೆ?"

ಅಷ್ಟರಲ್ಲಿ ದ್ಯಾವಪ್ಪನೇ ಹೆಂಡತಿಯೊಡನೆ ಬಂದ. ತುದಿ ಸುಟ್ಟ ಪೈರೊಂದನ್ನು ಕಿತ್ತು ಅವಳ ಕೈಗಿಟ್ಟ.

"ನೀರು ಕಡಿಮಿ ಆಗ್ಯಾವ ನೋಡು," ಎಂದವನೇ ಹೋಗಿ ಕಾಲುವೆಯ ತೂಬನ್ನು ಪೂರ್ತಿ ಎತ್ತಿಬಿಟ್ಟ.

ಎರೆಹುಳ ಬದುವಿನತ್ತ ತೆವಳಿತು. ಹಿಂದಿನಿಂದ ಉಪ್ಪಿನ ದಣಿದ ದನಿ ಕೇಳಿಸಿತು:

"ನೋಡಿದೆಯಾ, ಮತ್ತೆ ಕರೆ ಬಂತು. ಕೆಳಗೆ ಮಲಗಿರುವ ನನ್ನ ಬಳಗವೂ ಇನ್ನು ಏಳಬೇಕು."